ಬೀರೂರಿನಾಚೆ ಎರಡು ಕವಲು

ಬೆಂಗಳೂರಿನ ಕಡೆಯಿಂದ ಬಂದ ರೈಲು ಕಡೂರು ದಾಟಿ ಬೀರೂರು ಮುಟ್ಟಿದ ಮೇಲೆ ಹಳಿ ಕವಲೊಡೆಯುತ್ತದೆ. ಒಂದು ಕವಲು ತರೀಕೆರೆ, ಭದ್ರಾವತಿ ಹಾದು ಶಿವಮೊಗ್ಗಕ್ಕೆ. ಇನ್ನೊಂದು ಅಜ್ಜಂಪುರ ಹಾದು ಹುಬ್ಬಳ್ಳಿ ದಿಕ್ಕಿಗೆ. ನನ್ನ ಸಂಗೀತದ ಗುರುಗಳೂ ಹೀಗೇ ಎರಡು ಕಡೆ ಹಂಚಿಹೋಗಿದ್ದಾರೆ. ಗುರುಗಳೆಂದರೆ ಹಾಡಲು ಕಲಿಸಿದವರಲ್ಲ, ಅದಕ್ಕೆ ನನ್ನ ಗಂಟಲು ಒಪ್ಪಲಿಲ್ಲ. ಕೇಳುವ ಡಬ್ಬಿಯ ಬಗ್ಗೆ ತಲೆ ಕೆಡಿಸಿದವರು. ತರೀಕೆರೆಯಲ್ಲಿ ಒಬ್ಬರು ನಿವೃತ್ತ ವಿಜ್ಞಾನದ ಮೇಷ್ಟ್ರು. ಅವರದು ವಾಲ್ವ್ ಪಕ್ಷ. ಅಜ್ಜಂಪುರದಲ್ಲಿ ನಮ್ಮ ಸೋದರಮಾವ. ಮದುವೆ, ಗಣಪತಿ, ಜಾತ್ರೆಗಳಿಗೆ ಮೈಕ್ ಸೆಟ್ ಹಾಕಿಯೇ ಮೂರು ಮಕ್ಕಳನ್ನು ಓದಿಸಿದವರು. ಅವರದು ಟ್ರಾನ್ಸಿಸ್ಟರ್ ಪಕ್ಷ. ಕಡೂರಿನ ನಾನು ಮನೆಗೊಂದು ಒಳ್ಳೆಯ ಆಂಪ್ಲಿಫಯರ್ ತರಬೇಕು ಅಂತ ಬಾಯಿ ಬಿಟ್ಟಿದ್ದೇ ತಡ, ಇಬ್ಬರೂ ಫೋನು ಮಾಡಿದರು.

ಮೇಷ್ಟ್ರ ಆಂಪ್ಲಿಫಯರಿಗೆ ಮುಚ್ಚಳವಿಲ್ಲ. ಅಲ್ಯೂಮಿನಿಯಂ ತಗಡಿನ ಪೀಠ, ಹಿಂದೆ ಎರಡು ಭಾರೀ ಟ್ರಾನ್ಸ್‌ಫಾರ್ಮರು, ಮುಂದೆ ಎಡಕ್ಕೊಂದು ಬಲಕ್ಕೊಂದು ಇಎಲ್ 84 ವಾಲ್ವು. ಗಾಜಿನ ನೆತ್ತಿಯಲ್ಲಿ ಕನ್ನಡಿಯಂಥ ಬೆಳ್ಳಿ ಲೇಪ, ಪಕ್ಕದಲ್ಲಿ ಅರ್ಧ ಅಳಿಸಿಹೋದ ಬಿಇಎಲ್ ಅಕ್ಷರ. ಮೇಷ್ಟ್ರು ಪಂಚೆಯ ಚುಂಗಿನಿಂದ ಗಾಜಿನ ದೂಳು ಒರೆಸಿ, ಸ್ವಿಚ್ ಒತ್ತಿ, ಕಾಫಿಗೆ ಹೇಳಲು ಒಳಗೆ ಹೋಗುತ್ತಾರೆ. ವಾಪಸು ಬರುವಷ್ಟರಲ್ಲಿ ಒಳಗಿನ ತಂತಿ ಕೆಂಪಗಾಗಿ, ಸ್ಪೀಕರಿನಲ್ಲಿ ಸಣ್ಣಗೆ ‘ಹೂಂ’ ಅಂತ ಹೂಂಕಾರ. “ಕೈ ಇಡಬೇಡಿ ಇವ್ರೇ, ಒಳಗೆ ಮುನ್ನೂರು ವೋಲ್ಟಿದೆ” ಅನ್ನುತ್ತಾರೆ. ತರೀಕೆರೆ ಅರ್ಧ ಮಲೆನಾಡು. ಮಳೆಗಾಲದಲ್ಲಿ ಬೆಂಕಿಪೊಟ್ಟಣ ಥಂಡಿ ಹಿಡಿಯದ ಒಂದೇ ಜಾಗ ಈ ಆಂಪ್ಲಿಫಯರಿನ ಪಕ್ಕ ಅಂತ ಮೇಷ್ಟ್ರ ಮನೆಯವರು ಕಂಡುಕೊಂಡಿದ್ದಾರೆ. ವಾಲ್ವಿನ ಪರವಾಗಿ ನಾನು ಕೇಳಿದ ಅತ್ಯಂತ ಗಟ್ಟಿ ವಾದ ಅದೇ.

ಆ ವಾಲ್ವು ಪರದೇಶದ್ದಲ್ಲ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೊ ವಾಲ್ವು ಮಾಡಲು ಶುರುಮಾಡಿತು. ಮರುವರ್ಷವೇ ಜರ್ಮೇನಿಯಂ ಅರೆವಾಹಕಗಳನ್ನೂ. ದಾಯಾದಿಗಳಿಬ್ಬರಿಗೂ ತೊಟ್ಟಿಲು ಒಂದೇ. ಜಗಳ ಅದಕ್ಕಿಂತ ಹಳೆಯದು. 1947ರ ಏಪ್ರಿಲಿನಲ್ಲಿ ಇಂಗ್ಲೆಂಡಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ವಿಲಿಯಮ್‌ಸನ್ ಎಂಬಾತನ ವಾಲ್ವ್ ಆಂಪ್ಲಿಫಯರಿನ ನಕ್ಷೆ ಬಂತು. ಮನೆಯಲ್ಲಿ ಕೂತು ಕೇಳುವವರಿಗೆ ಇನ್ನೇನು ಬೇಕು ಅನ್ನುವಷ್ಟು ಚೆನ್ನಾಗಿತ್ತು. ಅದೇ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಲ್ಯಾಬಿನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಕಡೂರು ಜಿಲ್ಲೆ ಎಂಬ ನಮ್ಮ ಹೆಸರು ಹೋಗಿ ಚಿಕ್ಕಮಗಳೂರು ಜಿಲ್ಲೆ ಆದದ್ದೂ 1947ರಲ್ಲೇ. ಇದಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ. ಆದರೂ ಕಡೂರಿನವರು ಈ ಮಾತನ್ನು ಸಿಕ್ಕಿದ ಕಡೆಯೆಲ್ಲ ಹೇಳಬೇಕು.

ಅಜ್ಜಂಪುರದ ಮಾವನಿಗೆ ಇತಿಹಾಸದ ಗೊಡವೆಯಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ 4440 ಐಸಿ ಬೋರ್ಡು, ಹನ್ನೆರಡು ವೋಲ್ಟಿನ ಒಂದು ಬ್ಯಾಟರಿ, ಮುಗಿಯಿತು. ಸ್ವಿಚ್ ಒತ್ತಿದ ಕೂಡಲೇ ಮಾತು. ಮೈಕು ಪರೀಕ್ಷಿಸಲು ಅವರು ಹಲೋ ಹಲೋ ಅನ್ನುವುದಿಲ್ಲ. ತರೀಕೆರೆ ಏರಿಯ ಮೇಲೆ ಮೇಯುವ ಆ ಮೂರು ಕರಿ ಕುರಿಮರಿಗಳನ್ನು ಒಂದೇ ಉಸಿರಿಗೆ ಹೊರಡಿಸುತ್ತಾರೆ. ಕ ಮತ್ತು ರ ಒಂದಕ್ಕೊಂದು ಮೆತ್ತಿಕೊಳ್ಳದೆ ಬಂದರೆ ಸೆಟ್ಟು ಸರಿಯಿದೆ ಅಂತ ಲೆಕ್ಕ. “ನಿಮ್ಮ ಮೇಷ್ಟ್ರ ಡಬ್ಬ ಇದೆಯಲ್ಲ, ಅದು ಅಮೃತ್ ಮಹಲ್ ಜೋಡಿ ಇದ್ದಂಗೆ ಕಣೋ. ಕಟ್ಟಿಕೊಂಡು ನೋಡೋಕೆ ಚೆಂದ. ಉಳೋಕೆ ಟಿಲ್ಲರ್ರೇ ಆಗಬೇಕು.” ಅಮೃತ್ ಮಹಲ್ ತಳಿಯ ಸರ್ಕಾರಿ ಕೇಂದ್ರವಿರುವ ಊರಿನಲ್ಲಿ ಕೂತು ಹಾಗನ್ನಲು ಎದೆ ಗಟ್ಟಿ ಬೇಕು.

ಮಾವನ ಮಾತಿಗೆ ನಮ್ಮ ಕರೆಂಟೂ ಸಾಕ್ಷಿ ಹೇಳುತ್ತದೆ. ಪಂಪ್‌ಸೆಟ್ಟುಗಳು ಒಟ್ಟಿಗೆ ಎದ್ದ ಹೊತ್ತಿನಲ್ಲಿ 230 ಇರಬೇಕಾದ್ದು 170ಕ್ಕೆ ಇಳಿದರೆ, 6.3 ವೋಲ್ಟು ಕೇಳುವ ವಾಲ್ವಿನ ಹೀಟರಿಗೆ ಸಿಗುವುದು ನಾಲ್ಕೂವರೆ ಚಿಲ್ಲರೆ. ಗಾಯಕರು ಸುಸ್ತಾದಂತೆ ಕೇಳುತ್ತದೆ. ವಾಲ್ವ್ ಕೊಳ್ಳುವವನು ಸ್ಟೆಬಿಲೈಜರನ್ನೂ ಕೊಳ್ಳಬೇಕು. ಕಡೂರಿನ ಏಪ್ರಿಲ್ ಸೆಕೆಯಲ್ಲಿ ಫ್ಯಾನನ್ನೂ. ಆಮೇಲೆ ಫ್ಯಾನಿನ ಸದ್ದಿನಲ್ಲಿ ಹಾಡು ಕೇಳಬೇಕು.

ಹಾಗಾದರೆ ವಾಲ್ವಿನ ಮಾಧುರ್ಯ ಅನ್ನುವುದು ಬರೀ ಬೊಗಳೆಯೇ? ಅಲ್ಲ. ಸಾ ಹಾಡಿದರೆ ಒಂಟಿ ವಾಲ್ವಿನ ಆಂಪ್ಲಿಫಯರು ತಾನಾಗಿ ಚೂರು ಮೇಲಿನ ಸಾ ಬೆರೆಸುತ್ತದೆ. ಅದು ವಿಕಾರವೇ, ಆದರೆ ಶ್ರುತಿಯೊಳಗಿನ ವಿಕಾರ. ತಂಬೂರಿ ಕೇಳಿದ ಕಿವಿಗೆ ಹಿತ. ಟ್ರಾನ್ಸಿಸ್ಟರು ತನ್ನ ಮಿತಿಯೊಳಗೆ ಹೆಚ್ಚು ಪ್ರಾಮಾಣಿಕ. ಮಿತಿ ಮೀರಿತೋ, ಅಲೆಯ ನೆತ್ತಿಯನ್ನು ಕತ್ತರಿಸಿ, ನಮ್ಮ ಯಾವ ಸ್ವರಸ್ಥಾನದಲ್ಲೂ ನೆಟ್ಟಗೆ ಕೂರದ ಏಳನೆಯ ಅನುಸ್ವರದಂಥವನ್ನೂ ಎಬ್ಬಿಸುತ್ತದೆ. ಜಾತ್ರೆಯ ಹಾರನ್ನಿನಲ್ಲಿ ಕಿವಿ ಕೀಸುವುದರಲ್ಲಿ ಅದರ ಪಾಲೂ ಇದೆ. ಆದರೆ ಮೇಷ್ಟ್ರು ಸಲೀಸಾಗಿ ದಾಟಿಸುವ ಒಂದು ಸಂಗತಿಯುಂಟು: ಎರಡು ವಾಲ್ವುಗಳನ್ನು ಎದುರು ಬದುರು ನಿಲ್ಲಿಸುವ ಪುಶ್-ಪುಲ್ ಜೋಡಣೆಯಲ್ಲಿ ಆ ಮೇಲಿನ ಸಾ ಬಹುಪಾಲು ವಜಾ ಆಗಿಬಿಡುತ್ತದೆ. ಎಲ್ಲ ವಾಲ್ವಿಗೂ ಒಂದೇ ಮಾಧುರ್ಯವಿಲ್ಲ. 1985ರಲ್ಲಿ ಬಾಬ್ ಕಾರ್ವರ್ ಎಂಬ ಅಮೆರಿಕದ ಎಂಜಿನಿಯರು ತನ್ನ ಟ್ರಾನ್ಸಿಸ್ಟರ್ ಆಂಪ್ಲಿಫಯರನ್ನು ತಿದ್ದಿ ತಿದ್ದಿ, ದುಬಾರಿ ವಾಲ್ವ್ ಆಂಪ್ಲಿಫಯರಿನಂತೆಯೇ ನುಡಿಸಿದ. ‘ಸ್ಟೀರಿಯೊಫೈಲ್’ ಪತ್ರಿಕೆಯ ಘಟಾನುಘಟಿ ಕಿವಿಗಳಿಗೂ ವ್ಯತ್ಯಾಸ ಸಿಗಲಿಲ್ಲ. ಈ ಕಥೆ ಹೇಳಿದ ದಿನ ಮೇಷ್ಟ್ರ ಮನೆಯಲ್ಲಿ ಎರಡನೆಯ ಕಾಫಿ ಬರಲಿಲ್ಲ.

ನನಗೆ ಇನ್ನೊಂದು ಗುಮಾನಿಯಿದೆ. ನಮ್ಮ ವಯಸ್ಸಿನವರು ವಾಲ್ವಿನ ದನಿ ಎಂದು ನೆನೆಯುವುದು ಅಂಚೆಕಚೇರಿಗೆ ಲೈಸೆನ್ಸ್ ದುಡ್ಡು ಕಟ್ಟುತ್ತಿದ್ದ ಕಾಲದ ಮರದ ಪೆಟ್ಟಿಗೆಯ ರೇಡಿಯೊವನ್ನು. 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿ ಅದರಲ್ಲಿ ಬರುತ್ತಿತ್ತು. ಮೀಡಿಯಂ ವೇವ್ ಮೊದಲೇ ಕೀರಲನ್ನೆಲ್ಲ ಸೋಸಿರುತ್ತಿತ್ತು. ಉಳಿದದ್ದನ್ನು ಮರದ ಪೆಟ್ಟಿಗೆ ತುಂಬಿಕೊಡುತ್ತಿತ್ತು. ಹೊಗಳಿಕೆ ಮಾತ್ರ ಪೂರ್ತಿ ವಾಲ್ವಿಗೆ ಹೋಯಿತು. 1978ರ ‘ನಿತ್ಯೋತ್ಸವ’ ಕ್ಯಾಸೆಟ್ಟನ್ನು ಮೇಷ್ಟ್ರು ಇಂದಿಗೂ ವಾಲ್ವಿನಲ್ಲೇ ಕೇಳುತ್ತಾರೆ. ಆ ಕ್ಯಾಸೆಟ್ ಪ್ಲೇಯರಿನ ಹೊಟ್ಟೆ ತುಂಬ ಟ್ರಾನ್ಸಿಸ್ಟರುಗಳೇ ಎಂದು ಮಾವ ನೆನಪಿಸಿದರೆ, “ಅದು ಬೇರೆ ವಿಷಯ” ಎಂಬ ಉತ್ತರ.

ಇಷ್ಟು ಕೇಳಿಯಾದ ಮೇಲೆ ನನ್ನ ಕಿವಿ ಹೇಳುವುದಿಷ್ಟು. ಸಂಜೆ ಹೊತ್ತು, ಮೆಲುದನಿಯಲ್ಲಿ, ಒಬ್ಬರೇ ಹಾಡುವ ಭಾವಗೀತೆಗೆ ಮೇಷ್ಟ್ರ ಐದು ವ್ಯಾಟು ಧಾರಾಳ. ಮನೆಯಲ್ಲಿ ಮಾತಿನಷ್ಟು ಸದ್ದಿಗೆ ಸಾಮಾನ್ಯವಾಗಿ ಒಂದು ವ್ಯಾಟೂ ಖರ್ಚಾಗುವುದಿಲ್ಲ. ಡೊಳ್ಳು ಹಾಕಿ ನೋಡಿ, ಅದೇ ಐದು ವ್ಯಾಟು ಕೈ ಚೆಲ್ಲುತ್ತದೆ. ಟ್ರಾನ್ಸಿಸ್ಟರು ಸ್ಪೀಕರಿನ ಕಾಗದವನ್ನು ಕಿವಿ ಹಿಡಿದು ನಿಲ್ಲಿಸುತ್ತದೆ, ಪೆಟ್ಟು ಪೆಟ್ಟಾಗಿಯೇ ಬರುತ್ತದೆ. ಆದರೆ ಈ ಎರಡರ ನಡುವಿನ ಅಂತರಕ್ಕಿಂತ ಒಂದು ಸ್ಪೀಕರಿಗೂ ಇನ್ನೊಂದಕ್ಕೂ ಇರುವ ಅಂತರ ದೊಡ್ಡದು.

ಹಾಗಾಗಿ ಕೂಡಿಟ್ಟ ದುಡ್ಡಿನಲ್ಲಿ ಒಂದು ಜೊತೆ ಸ್ಪೀಕರ್ ತಂದೆ; ಆಂಪ್ಲಿಫಯರು ಮನೆಯಲ್ಲಿದ್ದ ಹಳೆಯದೇ. ತರೀಕೆರೆಯವರೂ ಅಜ್ಜಂಪುರದವರೂ ಒಂದೇ ಭಾನುವಾರ ಬಂದು, ಎರಡೂ ಕಡೆಯಿಂದ ಕಿವಿಯಿಟ್ಟು ಕೇಳಿ, ಮೊದಲ ಸಲ ಒಮ್ಮತಕ್ಕೆ ಬಂದರು: ಅಂಗಡಿಯವನು ನನಗೆ ಚೆನ್ನಾಗಿ ಟೋಪಿ ಹಾಕಿದ್ದಾನಂತೆ.