ಬಾಡಿಗೆ ವಸೂಲಾತಿಯ ತಾತ್ವಿಕ ನೆಲೆಗಳು: ಕುಷ್ಟಗಿಯನ್ನು ಅನುಲಕ್ಷಿಸಿ

ಪ್ರಸ್ತುತ ಪ್ರಬಂಧವು ಕುಷ್ಟಗಿ ಪಟ್ಟಣದ ಸಣ್ಣ ಮನೆ ಮಾಲಕರು ಬಾಡಿಗೆದಾರರಿಂದ ಬಾಡಿಗೆ ಎತ್ತುವ ಬಗೆಗಳನ್ನು ಬಹುಶಿಸ್ತೀಯ ನೆಲೆಯಲ್ಲಿ ಶೋಧಿಸುವ ಒಂದು ವಿನಮ್ರ ಯತ್ನವಾಗಿದೆ. ‘ಸಣ್ಣ ಮಾಲಕ’ ಯಾರೆಂಬುದನ್ನು ಮೊದಲೇ ನಿರ್ವಚಿಸಿಕೊಳ್ಳುವುದು ಸಂಶೋಧನೆಯ ಶಿಸ್ತು. ಮುಂದಿನ ಪಡಸಾಲಿಯಲ್ಲಿ ತಾನಿದ್ದು, ಹಿಂದಿನ ಎರಡು ಖೋಲಿ ಬಾಡಿಗೆಗೆ ಬಿಟ್ಟು, ಆ ರೊಕ್ಕದಲ್ಲಿ ಬಿ.ಪಿ. ಗುಳಿಗೆ, ಹಾಲಿನವನ ಬಾಕಿ ಮತ್ತು ಮೊಮ್ಮಗನ ಟ್ಯೂಷನ್ ಫೀಯನ್ನು ತೂಗಿಸುವವನೇ ಸಣ್ಣ ಮಾಲಕ. ಈತನ ಅಸ್ಮಿತೆಯು ತಿಂಗಳ ಒಂದನೇ ತಾರೀಕಿನಿಂದ ಐದರವರೆಗೆ ನಿರೀಕ್ಷಾತ್ಮಕವಾಗಿಯೂ, ಐದರಿಂದ ಹದಿನೈದರವರೆಗೆ ಸಂಘರ್ಷಾತ್ಮಕವಾಗಿಯೂ, ತದನಂತರ ಆಧ್ಯಾತ್ಮಿಕವಾಗಿಯೂ ರೂಪುಗೊಳ್ಳುತ್ತದೆ.

ಅಧ್ಯಯನದ ಪ್ರಾಕ್ಕಲ್ಪನೆಗಳು ಎರಡು. ಬಾಡಿಗೆ ಕೊಡಬೇಕೆಂಬ ಇಚ್ಛೆ ಬಾಡಿಗೆದಾರನಲ್ಲಿ ಇದೆ. ರೊಕ್ಕ ಇಲ್ಲ. ಅಧ್ಯಯನದ ವ್ಯಾಪ್ತಿಯು ಬಸ್‌ಸ್ಟ್ಯಾಂಡಿನಿಂದ ಹಿಡಿದು ಲೇಖಕನ ಮಂಡಿನೋವು ಅನುಮತಿಸುವಷ್ಟು ದೂರದವರೆಗೆ ಮಾತ್ರ. ಇದನ್ನು ಅಧ್ಯಯನದ ಮಿತಿಯೆಂದೂ ಪರಿಭಾವಿಸತಕ್ಕದ್ದು.

ಪೂರ್ವಸಾಹಿತ್ಯ ಸಮೀಕ್ಷೆ: ಕವಿರಾಜಮಾರ್ಗವು ತಿರುಳ್ಗನ್ನಡ ನಾಡನ್ನು ಗುರುತಿಸುವಾಗ ನಮ್ಮ ಕೊಪಣವನ್ನು, ಅಂದರೆ ಇಂದಿನ ಕೊಪ್ಪಳವನ್ನು, ಹೆಸರಿಸುತ್ತದೆ. ಆದರೆ ಅಡ್ವಾನ್ಸ್ ಎಷ್ಟು ತಿಂಗಳದು ಎಂಬ ಬಗ್ಗೆ ಮೌನ ವಹಿಸುತ್ತದೆ. ಅಲ್ಲಿಯ ಗವಿಮಠ ಮತ್ತು ಪಾಲ್ಕಿಗುಂಡಿನ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿ ಶಾಸನ ಕೊರೆಸಿದ. ಬಂಡೆಗೆ ಬಾಡಿಗೆ ಕೊಟ್ಟನೇ ಎಂಬುದು ಸಂಶೋಧನೆಗೆ ಮುಕ್ತವಾಗಿದೆ. ಇವರೆಲ್ಲರಿಗಿಂತ ಕೌಟಿಲ್ಯನೇ ವಾಸಿ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕ ಅರ್ಥಶಾಸ್ತ್ರದ ಮೂರನೇ ಅಧಿಕರಣದಲ್ಲಿ ಈ ವಿಷಯ ಸ್ಪಷ್ಟವಾಗಿದೆ: ಬಿಡು ಎಂದರೂ ಬಿಡದೆ ಕೂತವನಿಗೆ ಹನ್ನೆರಡು ಪಣ ದಂಡ, ಬಾಡಿಗೆ ಕೊಡುತ್ತಿರುವವನನ್ನು ಹೊರಹಾಕಿದ ಮಾಲಕನಿಗೂ ಅಷ್ಟೇ ದಂಡ. ತಾನಾಗಿ ಮನೆ ಬಿಟ್ಟು ಹೋಗುವವನು ವರ್ಷದ ಉಳಿದ ಬಾಡಿಗೆ ಕಟ್ಟಿ ಹೋಗಬೇಕು. ಪಣವೊಂದು ಬಿಟ್ಟರೆ ಎರಡು ಸಾವಿರ ವರ್ಷಗಳಲ್ಲಿ ಜಗಳ ಒಂದಿಷ್ಟೂ ಬದಲಾಗಿಲ್ಲ.

ರಾಜಕೀಯ ಚರಿತ್ರೆಯ ನೆಲೆಯಿಂದ ನೋಡಿದರೆ, ಈ ಭಾಗ 1948ರ ಸೆಪ್ಟೆಂಬರ್‌ವರೆಗೆ ನಿಜಾಮನದು, 1956ರಿಂದ ಮೈಸೂರು ರಾಜ್ಯದ್ದು. ಜಿಲ್ಲೆ 1997ರವರೆಗೆ ರಾಯಚೂರು, ಆಮೇಲೆ ಕೊಪ್ಪಳ. ಸಂವಿಧಾನದ 371(ಜೆ) ವಿಧಿ ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವಾಯಿತು. 2025ರ ಮೇ ತಿಂಗಳಲ್ಲಿ ಹುಬ್ಬಳ್ಳಿಯಿಂದ ಕುಷ್ಟಗಿಗೆ ರೈಲೂ ಬಂತು. ಐದನೇ ತಾರೀಕಿಗೆ ಬಾಡಿಗೆ ಮಾತ್ರ ಯಾವ ಆಡಳಿತದಲ್ಲೂ ಬಂದ ದಾಖಲೆ ಇಲ್ಲ. ರೈಲಿನಿಂದ ಆದ ಬದಲಾವಣೆಯೆಂದರೆ, ಬಾಕಿ ಉಳಿಸಿ ಊರು ಬಿಡುವವರಿಗೆ ಇಷ್ಟು ದಿನ ಬಸ್ಸೊಂದೇ ಇತ್ತು.

ಇಲ್ಲಿ ಗೇಣಿಯ ಪ್ರಸ್ತಾಪ ಅನಿವಾರ್ಯ. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ, ಉಳುವವನೇ ಹೊಲದೊಡೆಯನಾದ. ಏಳನೇ ನಮೂನೆ ತುಂಬಿದ ಗೇಣಿದಾರ ಹೊಲ ಪಡೆದ, ನ್ಯಾಯವಾಗಿಯೇ ಪಡೆದ. ಅಂದಿನಿಂದ ಎರಡು ಖೋಲಿಯ ಮಾಲಕನ ಅಪ್ರಜ್ಞೆಯಲ್ಲಿ ಒಂದು ಭೀತಿ ಮನೆಮಾಡಿದೆ (ಅದೂ ಬಾಡಿಗೆ ಕೊಡದೆ): ನಾಳೆ ಸರಕಾರ ‘ಇದ್ದವನೇ ಮನೆಯೊಡೆಯ’ ಅಂದುಬಿಟ್ಟರೆ? ಈ ಭೀತಿಯ ಶಮನಕ್ಕಾಗಿಯೇ ಹನ್ನೊಂದು ತಿಂಗಳ ಕರಾರುಪತ್ರವೆಂಬ ಸಾಂಸ್ಕೃತಿಕ ಪಠ್ಯ ಹುಟ್ಟಿದೆ. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಬೇಕು, ಅದಕ್ಕೆ ಖರ್ಚುಂಟು. ಆದ್ದರಿಂದ ನಾಡಿನ ಸಮಸ್ತ ಬಾಡಿಗೆದಾರರೂ ಹನ್ನೊಂದು ತಿಂಗಳೇ ಬದುಕುತ್ತಾರೆ. ನಮ್ಮ ಹಿಂದಿನ ಖೋಲಿಯಲ್ಲಿ ಒಬ್ಬರು ಹೀಗೇ ಹನ್ನೊಂದು ತಿಂಗಳು ಅಂತ ಬಂದು, ಮಗಳ ಮದುವೆ ಮಾಡಿ, ಮೊಮ್ಮಗನ ಜವಳ ತೆಗೆಸಿ ಹೋದರು.

ಇನ್ನು ಪ್ರಬಂಧದ ಹೃದಯಭಾಗ. ಬಾಡಿಗೆ ವಸೂಲಾತಿಯ ವಿಧಾನಗಳು ಹದಿನೆಂಟು. ಪುರಾಣಗಳಿಗಿಂತ ಕಡಿಮೆಯಾದರೆ ವಿದ್ವಾಂಸರು ಒಪ್ಪುವುದಿಲ್ಲ.

ಮೊದಲನೆಯದು ಕುಶಲಪ್ರಶ್ನಾತ್ಮಕ ಪರೋಕ್ಷ ವಿಧಾನ. ಬಾಡಿಗೆಯ ಮಾತನ್ನು ಎತ್ತದೆ ಬಾಡಿಗೆಯನ್ನು ಕೇಳುವ ಈ ವಿಧಾನದಲ್ಲಿ ಭಾಷೆಯ ಧ್ವನಿಶಕ್ತಿ ಪರಾಕಾಷ್ಠೆ ಮುಟ್ಟುತ್ತದೆ. ಲೇಖಕನು ನಿವೃತ್ತ ಮಾಸ್ತರ, ಬಾಡಿಗೆದಾರರು ಕಾಲೇಜಿನ ಅತಿಥಿ ಉಪನ್ಯಾಸಕರು. ಹೀಗಾಗಿ ಇಬ್ಬರೂ ಪರಸ್ಪರ ‘ಸರ’.

“ಏನ್ರಿ ಸರ, ನಾಷ್ಟಾ ಆತೇನ್ರಿ?”

“ಆತ್ರಿ ಸರ. ನಿಮ್ದು?”

“ಆತ್ರಿ. ಮತ್ತ ಪಗಾರ ಗಿಗಾರ ಆತೇನ್ರಿ?”

“ಎಲ್ಲಿದ್ರಿ ಸರ. ಬಿಲ್ ಇನ್ನೂ ಬೆಂಗಳೂರಿಂದ ಆಗಿಲ್ಲಂತ್ರಿ.”

“ಆಗತೈತಿ ಬಿಡ್ರಿ.”

ಗಮನಿಸಬೇಕಾದ ಅಂಶ: ಕೊನೆಯ ಸಮಾಧಾನದ ಮಾತು ಮಾಲಕನದು. ಕೇಳಲು ಹೋದವನೇ ಧೈರ್ಯ ಹೇಳಿ ಬಂದಿದ್ದಾನೆ.

ಎರಡನೆಯದು ದೃಶ್ಯೋಪಸ್ಥಿತಿ ವಿಧಾನ. ಆರನೇ ತಾರೀಕಿನಿಂದ ಮಾಲಕನು ಮುಂಜಾನೆ ಪೇಪರ್ ಹಿಡಿದು ಹೊರಗಿನ ಕಟ್ಟೆಯ ಮೇಲೆ ಆಸೀನನಾಗುತ್ತಾನೆ. ಮಾತಿಲ್ಲ, ಕಥೆಯಿಲ್ಲ. ಬಾಡಿಗೆದಾರನ ಬೈಕು ಹೊರಡುವಾಗ ಪೇಪರಿನ ಮೇಲಂಚಿನಿಂದ ಎರಡು ಕಣ್ಣು ಕಾಣಬೇಕು, ಅಷ್ಟೇ. ಬಾಡಿಗೆದಾರರು ಇದಕ್ಕೆ ಪ್ರತಿತಂತ್ರ ಕಂಡುಕೊಂಡಿದ್ದಾರೆ: ಹಿತ್ತಲ ಬಾಗಿಲಿಂದ ಗಾಡಿಯನ್ನು ಚಾಲೂ ಮಾಡದೆ ನ್ಯೂಟ್ರಲ್‌ನಲ್ಲಿ ನೂಕಿಕೊಂಡು ಹೋಗಿ, ಓಣಿಯ ತಿರುವು ದಾಟಿದ ಮೇಲೆ ಕಿಕ್ ಹೊಡೆಯುವುದು. ಮಳೆ ಬಂದು ಕೆಸರಾದ ದಿನ ಹೀಗೆ ನೂಕುವುದು ಕಷ್ಟ. ಅಂಥ ಒಂದು ದಿನ ನಮ್ಮ ಸರ ಅವರ ಹೆಂಡತಿ ಹಿಂದಿನಿಂದ ಕೈಹಚ್ಚಿದ್ದನ್ನು ನಾನು ಕಿಟಕಿಯಿಂದ ಕಂಡೆ. ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿಕೊಂಡೆ.

ಮೂರನೆಯದು ಜಲಾಧಾರಿತ ನಿಯಂತ್ರಣ ವಿಧಾನ. ನಳಕ್ಕೆ ನೀರು ಬಂದಾಗ ಸಂಪು ತುಂಬಿಸಿ, ಮೋಟಾರಿನ ಸ್ವಿಚ್ಚಿನ ಮೇಲೆ ಸಾರ್ವಭೌಮತ್ವ ಸ್ಥಾಪಿಸುವುದು. ಕಾನೂನು ಇದನ್ನು ಒಪ್ಪುವುದಿಲ್ಲ. ಬಾಕಿ ಎಷ್ಟೇ ಇರಲಿ, ನೀರು ಮತ್ತು ಕರೆಂಟು ಕಡಿಯುವಂತಿಲ್ಲ. ಕಾನೂನಿಗಿಂತ ಮುಂಚೆ ನಮ್ಮ ಮನೆಯವಳು ಒಪ್ಪುವುದಿಲ್ಲ. “ಹುಡುಗ್ರು ಸಾಲಿಗೆ ಹೋಗಬೇಕು, ಅವಕ್ಕೇನು ಗೊತ್ತೈತಿ ನಿಮ್ಮ ಬಾಡಗಿ” ಎಂದು ಆಕೆಯೇ ಸ್ವಿಚ್ ಒತ್ತುತ್ತಾಳೆ.

ನಾಲ್ಕನೆಯದು ಸ್ತ್ರೀಕೇಂದ್ರಿತ ವಿನಿಮಯಾತ್ಮಕ ವಿಧಾನ. ಮಾಲಕಿಯು ಒಂದು ಬಟ್ಟಲು ಶೇಂಗಾ ಹಿಂಡಿಯನ್ನು ಹಿಂದಿನ ಮನೆಗೆ ಕಳಿಸುತ್ತಾಳೆ. ಬಟ್ಟಲನ್ನು ಖಾಲಿ ಕಳಿಸಬಾರದೆಂಬುದು ನಮ್ಮ ಕಡೆಯ ರಿವಾಜು. ಆ ಬಟ್ಟಲಲ್ಲಿ ಬಾಡಿಗೆಯ ನೋಟು ಮರಳಬಹುದೆಂಬುದು ಸಿದ್ಧಾಂತ. ಎರಡು ಶೇಂಗಾ ಹೋಳಿಗೆ ಮರಳಿದವು. ಚಲೋ ಇದ್ದವು.

ಐದನೆಯದು ಡಿಜಿಟಲ್ ವಿಧಾನ. ಫೋನ್‌ಪೇಯಲ್ಲಿ ವಿನಂತಿ ಕಳಿಸಿದರೆ ‘ಸರ್ವರ್ ಡೌನ್ ಐತ್ರಿ ಸರ’ ಎಂಬ ಉತ್ತರದ ಜೊತೆ ಕೈಮುಗಿದ ಚಿತ್ರಗಳು ಬರುತ್ತವೆ. 2023ರಿಂದ ಇದಕ್ಕೆ ‘ಗೃಹಲಕ್ಷ್ಮಿ ಬರಲ್ರಿ’ ಎಂಬ ಉಪವಿಧವೂ ಸೇರಿದೆ. ಸರಕಾರ ಮನೆಯ ಯಜಮಾನಿಗೆ ಕೊಡುವ ಎರಡು ಸಾವಿರ ರೂಪಾಯಿ ಅವಳ ಖಾತೆಗೆ ಬರುವ ಮುನ್ನವೇ ಕಿರಾಣಿ ಅಂಗಡಿಯವನು, ಸಂಘದ ಕಂತು ಮತ್ತು ನಾನು, ಹೀಗೆ ಮೂವರು ಅದನ್ನು ಹಂಚಿಕೊಂಡಿರುತ್ತೇವೆ.

ಆರನೆಯದು ಶಾಸನಾತ್ಮಕ ವಿಧಾನ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ ತಿಂಗಳ ಬಾಡಿಗೆಯ ಮನೆಗೆ ಹದಿನೈದು ದಿನದ ನೋಟಿಸು. ಕಾಲಮಿತಿ ಕಾಯ್ದೆಯಂತೆ ಬಾಕಿ ಬಾಡಿಗೆಗೆ ದಾವೆ ಹೂಡಲು ಮೂರು ವರ್ಷ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಇನ್ನೂ ಗಡುಸು: ಅವಧಿ ಮುಗಿದರೂ ಬಿಡದವನು ಮೊದಲ ಎರಡು ತಿಂಗಳು ದುಪ್ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ ಕೊಡಬೇಕು. ಓದಿ ಮೈ ಜುಮ್ಮೆಂದಿತು. ಒಂದು ಪಟ್ಟೇ ಕೊಡಲಾಗದವನು ನಾಲ್ಕು ಪಟ್ಟು ಎಲ್ಲಿಂದ ತಂದಾನು? ನೋಟಿಸಿಗೆ ವಕೀಲರ ಫೀ ಕೊಟ್ಟರೆ ಬರಬೇಕಾದ ಬಾಡಿಗೆಯಲ್ಲಿ ಅರ್ಧ ಅಲ್ಲೇ ಮುಗಿಯುತ್ತದೆ. ಎರಡು ಖೋಲಿಯವನಿಗೆ ಕಾನೂನೆಂಬುದು ಕಪಾಟಿನಲ್ಲಿಟ್ಟ ಬೆಳ್ಳಿ ತಟ್ಟೆ. ಇದೆ ಎಂಬ ಸಮಾಧಾನ, ಊಟಕ್ಕೆ ಸ್ಟೀಲಿನದೇ.

ಏಳನೆಯದು ಋತುಮಾನಾಧಾರಿತ... ಸಾಕು. ಉಳಿದ ಹನ್ನೆರಡನ್ನು ನಾನು ಬರೆಯುವುದಿಲ್ಲ. ಹೆಸರು ಮಾತ್ರ ಇಟ್ಟಿದ್ದೆ, ಒಳಗೆ ಏನೂ ಇಲ್ಲ. ಇಂಥ ವರ್ಗೀಕರಣಗಳಲ್ಲಿ ಸಾಮಾನ್ಯವಾಗಿ ಇರುವುದೂ ಇಲ್ಲ.

ಈ ಭಾಷೆ ನನಗೆ ಅಂಟಿದ್ದು ಎಲ್ಲಿ ಅಂತ ಹೇಳಿಬಿಡುತ್ತೇನೆ. ನಮ್ಮ ಬಾಡಿಗೆದಾರ ಸರ ಒಮ್ಮೆ ನನ್ನನ್ನು ಒಂದು ರಾಷ್ಟ್ರೀಯ ವಿಚಾರ ಸಂಕಿರಣಕ್ಕೆ ಕರೆದುಕೊಂಡು ಹೋದರು. ದಿಕ್ಸೂಚಿ ಭಾಷಣದವರು ‘ವಸತಿಯ ಸಂಕಥನ’, ‘ಅಂಚಿನವರ ಅವಕಾಶಗಳ ಪರಿಕಲ್ಪನೆ’, ‘ಇರುವಿಕೆಯ ಬಿಕ್ಕಟ್ಟು’ ಎಂದು ಒಂದೂವರೆ ತಾಸು ಮಾತಾಡಿದರು. ಕಾರಿನಲ್ಲಿ ಬಂದು ಕಾರಿನಲ್ಲೇ ಹೋದರು. ಇರುವಿಕೆಯ ಬಿಕ್ಕಟ್ಟು ನನ್ನ ಪಕ್ಕದ ಕುರ್ಚಿಯಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿತ್ತು, ಅವರಿಗೆ ಕಾಣಲಿಲ್ಲ. ಆ ಸಂಕಿರಣಕ್ಕೆ ನೋಂದಣಿ ಶುಲ್ಕವುಂಟು, ಪುಸ್ತಕದಲ್ಲಿ ಪ್ರಬಂಧ ಅಚ್ಚಾಗಬೇಕಾದರೆ ಬೇರೆ ಶುಲ್ಕ. ಐ.ಎಸ್.ಬಿ.ಎನ್. ಇರುವ ಪುಸ್ತಕದಲ್ಲಿ ಹೆಸರು ಬಂದರೆ ಮುಂದೆ ಎಲ್ಲಾದರೂ ನಾಲ್ಕು ಅಂಕ ಸಿಕ್ಕೀತೆಂಬ ಆಸೆ. ಸರ ಕಟ್ಟಿದ್ದರು. ಯಾವ ರೊಕ್ಕದಿಂದ ಅಂತ ನಾನು ಕೇಳಲಿಲ್ಲ, ನನಗೆ ಗೊತ್ತಿತ್ತು. ಅವರ ಪ್ರಬಂಧ ಹೈದರಾಬಾದ್ ಕರ್ನಾಟಕದ ಗೇಣಿ ಸಂಬಂಧಗಳ ಬಗ್ಗೆ. ಓದಲು ಅವರಿಗೆ ಕೊಟ್ಟದ್ದು ಐದು ನಿಮಿಷ. ಮೂರನೇ ನಿಮಿಷಕ್ಕೆ ಚೀಟಿ ಬಂತು. ಮನೆಗೆ ಬಂದ ಮೇಲೆ ಪುಸ್ತಕದ ಒಂದು ಪ್ರತಿಯನ್ನು, ‘ಪ್ರೀತಿಯಿಂದ’ ಎಂದು ಬರೆದು ನನಗೆ ಕೊಟ್ಟರು. ಚಲೋ ಪ್ರಬಂಧ ಅದು. ಆ ಸಂಕಿರಣದಲ್ಲಿ ಯಾರಾದರೂ ಏನಾದರೂ ಓದಿ ಬಂದು ಬರೆದಿದ್ದರೆ ಅದೊಂದೇ.

ಎಂ.ಎ., ನೆಟ್, ಪಿಎಚ್.ಡಿ. ಮುಗಿಸಿದವನಿಗೆ ತಾಸಿನ ಲೆಕ್ಕ ಹಾಕಿ ಪಗಾರ ಕೊಟ್ಟು, ಅದನ್ನೂ ತಿಂಗಳುಗಟ್ಟಲೆ ತಡೆದು, ಸೆಮಿಸ್ಟರ್ ಮುಗಿದೊಡನೆ ಮನೆಗೆ ಕಳಿಸುವ ವ್ಯವಸ್ಥೆ ಇದು. 2023ರ ಕೊನೆಗೆ ರಾಜ್ಯದ ಅತಿಥಿ ಉಪನ್ಯಾಸಕರೆಲ್ಲ ಸೇವಾ ಭದ್ರತೆ ಕೇಳಿ ಧರಣಿ ಕೂತರು. ಒಂದಿಷ್ಟು ಗೌರವಧನ ಏರಿತು, ಭದ್ರತೆ ಬರಲಿಲ್ಲ. ಆ ಕಡೆ ತಡೆದದ್ದು ಸರಕಾರ, ಈ ಕಡೆ ಕಟ್ಟೆಯ ಮೇಲೆ ಪೇಪರ್ ಹಿಡಿದು ಒಬ್ಬ, ಗಾಡಿ ನೂಕುತ್ತಾ ಇನ್ನೊಬ್ಬ. ಇಬ್ಬರು ಮಾಸ್ತರರು ಒಬ್ಬರಿಗೊಬ್ಬರು ಮುಖ ತಪ್ಪಿಸಿಕೊಂಡು ತಿರುಗಬೇಕು.

ಇನ್ನೊಂದು ಪ್ರಕರಣ ಇದೆ. ಇದಕ್ಕೆ ಸಂಸ್ಕೃತದ ಹೆಸರಿಲ್ಲ. ನಮ್ಮ ಓಣಿಯಲ್ಲಿ ಒಬ್ಬ ವಯಸ್ಸಾದ ಹೆಣ್ಣುಮಗಳು ತನ್ನ ಮನೆಯ ಮೇಲಂತಸ್ತನ್ನು ಸರಕಾರದ ಒಂದು ಇಲಾಖೆಗೆ ಕೊಟ್ಟಿದ್ದಾಳೆ. ಸರಕಾರ ಅಂದರೆ ಭದ್ರ ಬಾಡಿಗೆದಾರ, ಕುಡಿಯುವುದಿಲ್ಲ, ಜಗಳ ಮಾಡುವುದಿಲ್ಲ, ರಾತ್ರೋರಾತ್ರಿ ಗುಳೆ ಹೋಗುವುದಿಲ್ಲ ಅಂತ ಎಲ್ಲರೂ ಹೇಳಿದೆವು. ಲೋಕೋಪಯೋಗಿ ಇಲಾಖೆಯವರು ಬಂದು ಅಳತೆ ಹಿಡಿದು, ಆಕೆ ಕೇಳಿದ್ದಕ್ಕಿಂತ ಕಡಿಮೆ ಬಾಡಿಗೆ ನಿಗದಿ ಮಾಡಿ ಪ್ರಮಾಣಪತ್ರ ಕೊಟ್ಟರು. ಮೊದಲ ಕೆಲವು ತಿಂಗಳು ರೊಕ್ಕ ಬಂತು. ಆಮೇಲೆ ಅನುದಾನ ಬಂದಿಲ್ಲ ಎಂದರು. ಅನುದಾನ ಬಂದಾಗ ಕರಾರಿನ ಅವಧಿ ಮುಗಿದಿದೆ ಎಂದರು. ಕರಾರು ಹೊಸದು ಮಾಡಿಸಿದರೆ ಪ್ರಮಾಣಪತ್ರ ಹಳೆಯದಾಯಿತು ಎಂದರು. ಅದೂ ಆದ ಮೇಲೆ ಖಜಾನೆ-2 ತಂತ್ರಾಂಶದಲ್ಲಿ ಎಂಟ್ರಿ ಆಗಿಲ್ಲ ಎಂದರು. ಮಾರ್ಚ್ ಮುಗಿಯಿತು, ಆ ವರ್ಷದ ಅನುದಾನ ಹಿಂದೆ ಹೋಯಿತು.

ಆಕೆ ತನ್ನ ಬಾಡಿಗೆದಾರನ ಕಚೇರಿಗೆ ಹೋಗಿ, ತನ್ನ ಮನೆಯಲ್ಲೇ ಇರುವ ಕಚೇರಿಗೆ, ತನ್ನ ಮೆಟ್ಟಿಲು ಹತ್ತಿ, ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಲ್ಲುತ್ತಾಳೆ. “ಸಾಹೇಬ್ರು ಮೀಟಿಂಗ್‌ನ್ಯಾಗ ಅದಾರವ್ವ, ನಾಳಿ ಬಾ” ಅನ್ನುತ್ತಾರೆ. ಕೂಡಲು ಕುರ್ಚಿ ಕೊಡುವುದಿಲ್ಲ.

ಇದೇ ಸರಕಾರದ ಪುರಸಭೆಗೆ ಆಕೆ ಆಸ್ತಿ ತೆರಿಗೆ ಕಟ್ಟಬೇಕು. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ. 5 ರಿಯಾಯಿತಿ, ಗಡುವು ದಾಟಿದರೆ ತಿಂಗಳಿಗೆ ಶೇ. 2 ದಂಡ. ಆಕೆ ಸರಕಾರಕ್ಕೆ ಕೊಡಬೇಕಾದ್ದಕ್ಕೆ ದಂಡವುಂಟು, ಸರಕಾರ ಆಕೆಗೆ ಕೊಡಬೇಕಾದ್ದಕ್ಕೆ ಒಂದು ಪೈಸೆ ಬಡ್ಡಿಯಿಲ್ಲ. ಕೌಟಿಲ್ಯನಾದರೂ ಇಬ್ಬರಿಗೂ ಹನ್ನೆರಡೇ ಪಣ ಹಾಕಿದ್ದ. ಯಾವ ಸಂಕಿರಣದಲ್ಲಿ ಇದರ ಬಗ್ಗೆ ಪ್ರಬಂಧ ಮಂಡನೆಯಾಗಿದೆ ಹೇಳಿ. ಯಾರ ದಿಕ್ಸೂಚಿ ಭಾಷಣದಲ್ಲಿ ಈ ಮೆಟ್ಟಿಲು ಬಂದಿದೆ? ಬಾಡಿಗೆದಾರ ಬಡವನಾದರೆ ಮಾಲಕ ಬೈಯಬಹುದು, ಬೈದು ಸಮಾಧಾನ ಮಾಡಿಕೊಳ್ಳಬಹುದು, ಶೇಂಗಾ ಹೋಳಿಗೆಯಾದರೂ ಬರುತ್ತದೆ. ಸರಕಾರವೇ ಬಾಡಿಗೆದಾರನಾದರೆ ಯಾರ ಗಾಡಿಗೆ ಅಡ್ಡ ನಿಲ್ಲಬೇಕು? ಗಾಡಿಯ ಮೇಲೆ ಕೆಂಪಕ್ಷರದಲ್ಲಿ ‘ಕರ್ನಾಟಕ ಸರ್ಕಾರ’ ಎಂದು ಬರೆದಿರುತ್ತದೆ.

ಪ್ರಬಂಧಕ್ಕೊಂದು ಫಲಿತಾಂಶ ಇರಲೇಬೇಕೆಂಬ ನಿಯಮಕ್ಕೆ ಕಟ್ಟುಬಿದ್ದು ಹೇಳುವುದಾದರೆ, ನಮ್ಮ ಸರ ಬಾಕಿಯಲ್ಲಿ ಅರ್ಧ ತೀರಿಸಿದ್ದಾರೆ. ಉಳಿದದ್ದು ಪಗಾರ ಆದ ಮೇಲೆ. ಅವರ ಮಟ್ಟಿಗೆ ನನ್ನ ತಕರಾರಿಲ್ಲ. ಆ ಹೆಣ್ಣುಮಗಳ ಬಾಕಿಯಲ್ಲಿ ಒಂದು ರೂಪಾಯಿಯೂ ಬಂದಿಲ್ಲ.

ಸಂಬಂಧಪಟ್ಟ ಇಲಾಖೆಯವರು ಇದನ್ನು ಓದುತ್ತಿದ್ದರೆ ಒಂದೇ ವಿನಂತಿ. ಆಕೆಯ ಕಡತ ನಿಮ್ಮ ಬಲಗಡೆಯ ಕಪಾಟಿನಲ್ಲಿ, ಕೆಂಪು ಲಾಡಿ ಕಟ್ಟಿದ್ದು. ಈ ಸಲವಾದರೂ ಮಾರ್ಚ್ 31ರ ಒಳಗೆ ಬಿಲ್ ಮಾಡಿ ಕಳಿಸಿರಿ. ಮತ್ತೆ ಆಕೆ ಮೇಲೆ ಬಂದರೆ ಕೂಡಲು ಒಂದು ಕುರ್ಚಿ ಕೊಡಿರಿ. ಅದನ್ನು ಕೊಡಲು ಅನುದಾನ ಬೇಕಾಗುವುದಿಲ್ಲ.