ಹಿಮ ಬಿದ್ದ ಊರಿನ ಫೋಟೋ

ಜರ್ಮನಿಯ ರೋಥೆನ್‌ಬರ್ಗ್‌ಗೆ ಹೋದವರೆಲ್ಲ ಫೋಟೋ ಹೊಡೆಯುವ ಜಾಗ ಒಂದೇ: ಪ್ಲ್ಯೋನ್‌ಲೈನ್. ಬೀದಿ ಕವಲೊಡೆಯುವಲ್ಲಿ ಸೊಟ್ಟಗೆ ನಿಂತ ಹಳದಿ ಮನೆ, ಎಡಕ್ಕೊಂದು ಗೋಪುರ, ಬಲಕ್ಕೆ ತಗ್ಗಿನಲ್ಲಿ ಇನ್ನೊಂದು. ಹಿಮ ಬಿದ್ದ ದಿನ ಊರು ಏಳುವ ಮುಂಚೆ ಹೋದರೆ ನರಪಿಳ್ಳೆಯಿಲ್ಲದ ಚಿತ್ರ ಸಿಗುತ್ತದೆಂದು ಬಲ್ಲವರು ಹೇಳುತ್ತಾರೆ. ಎಲ್ಲರಿಗೂ ಹೇಳಿರುತ್ತಾರೆ. ಹಾಗಾಗಿ ನಸುಕಿನಲ್ಲೇ ಅಲ್ಲಿ ಟ್ರೈಪಾಡುಗಳ ಕಾಲಿಗೆ ಕಾಲು ತಗುಲುತ್ತದೆ. ಒಬ್ಬರೂ ಇಲ್ಲದ ಫೋಟೋಗೆ ಅಷ್ಟೊಂದು ಜನ! ಹೆಜ್ಜೆ ಬೀಳದ ಹಿಮವನ್ನು ನಾವೆಲ್ಲ ಉಸಿರು ಬಿಗಿಹಿಡಿದು ಕಾಯುತ್ತಿದ್ದರೆ, ಬ್ರೆಡ್ಡು ತರಲು ಹೊರಟ ಅಜ್ಜಿಯೊಬ್ಬರು ಕೈಚೀಲ ಬೀಸುತ್ತ ನಟ್ಟನಡುವೆಯೇ ನಡೆದುಹೋದರು. ಊರು ಅವರದು. ನನ್ನ ಚಿತ್ರಗಳಲ್ಲಿ ನೋಡುವಂತಿರುವುದು ಅದೊಂದೇ.

ಕ್ಯಾಮೆರಾಕ್ಕೂ ಹಿಮಕ್ಕೂ ಆಗಿಬರುವುದಿಲ್ಲ. ಅದರ ಮೀಟರಿನ ಲೆಕ್ಕದಲ್ಲಿ ಜಗತ್ತೆಲ್ಲ ಸರಾಸರಿ ಬೂದುಬಣ್ಣ. ಕಂಡಲ್ಲೆಲ್ಲ ಬಿಳಿಯೇ ಇದ್ದರೆ ಬೆಳಕು ಅತಿಯಾಯಿತೆಂದು ತಾನೇ ತಗ್ಗಿಸಿ, ಹಿಮವನ್ನು ಮಂಕು ಮಾಡಿಡುತ್ತದೆ. ಎಕ್ಸ್‌ಪೋಷರನ್ನು ಒಂದೂವರೆ ಸ್ಟಾಪ್ ಏರಿಸಿ ದಾರಿಗೆ ತರಬೇಕು. ಚಳಿಗೆ ಬ್ಯಾಟರಿ ಕೈಕೊಡುತ್ತದೆ. ಇನ್ನೊಂದನ್ನು ಒಳಜೇಬಿನಲ್ಲಿ ಮೈಕಾವಿಗೆ ಇಟ್ಟುಕೊಂಡಿರಬೇಕು. ಹೆಂಡತಿಗೂ ಚಳಿಯಾದೀತೆಂದು ಹೊಳೆಯುವುದು ಅದಾದಮೇಲೆ. ಬೆಚ್ಚಗಿನ ಹೋಟೆಲಿಗೆ ನುಗ್ಗುವ ಮುಂಚೆ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಬೇಕು, ಇಲ್ಲದಿದ್ದರೆ ಮೈಯೆಲ್ಲ ಬೆವರುತ್ತದೆ.

ಬೆರಳು ಮರಗಟ್ಟಿದರೆ ಕೋಟೆಗೋಡೆ ಹತ್ತುವುದು ವಾಸಿ, ಮೇಲೆ ಮರದ ಮಾಡು ಇದೆ. ಅಲ್ಲಿಂದ ಕಾಣುವ ಹೆಂಚುಗಳೆಲ್ಲ ಬೆಳ್ಳಗೆ. ಚಿಮಣಿಯ ಬುಡದಲ್ಲಷ್ಟೇ ಹಿಮ ಕರಗಿ ಕೆಂಪು ಇಣುಕುತ್ತಿರುತ್ತದೆ. ಗೋಡೆಯುದ್ದಕ್ಕೂ ದಾನಿಗಳ ಹೆಸರು ಕೆತ್ತಿದ ಕಲ್ಲುಗಳು, ಜಪಾನಿನವರವೂ ಬೇಕಾದಷ್ಟು. ನಮ್ಮ ದೇವಸ್ಥಾನಗಳ ಟ್ಯೂಬ್‌ಲೈಟಿನ ಮೇಲೆ ಬೆಳಕಿಗೂ ಜಾಗವಿಲ್ಲದಂತೆ ಹೆಸರು ಬರೆಸಿರುತ್ತಾರಲ್ಲ, ಹಾಗೆ. 1945ರ ಮಾರ್ಚ್ 31ರಂದು ಅಮೆರಿಕದ ಬಾಂಬು ಬಿದ್ದು ಊರಿನ ಪೂರ್ವಭಾಗ ಹಾಳಾಗಿತ್ತು. ಮತ್ತೆ ಹಳೆಯ ರೀತಿಯಲ್ಲೇ ಕಟ್ಟಿದರು. ಮಧ್ಯಯುಗವೆಂದು ನಾವು ಕ್ಲಿಕ್ಕಿಸುವುದರಲ್ಲಿ ಎಷ್ಟೋ ನಮ್ಮಪ್ಪನ ಓರಗೆಯದು. ನನಗೇನೂ ಬೇಸರವಿಲ್ಲ, ಹಿಮ ಎರಡಕ್ಕೂ ಒಂದೇ ಸುಣ್ಣ ಬಳಿಯುತ್ತದೆ.

ಊರಿನ ಉಳಿದ ಭಾಗ ಬದುಕಿದ್ದು ಒಂದು ಚಿತ್ರದ ಪುಣ್ಯದಿಂದ ಎಂಬ ಕಥೆಯಿದೆ. ಅಮೆರಿಕದ ಯುದ್ಧ ಇಲಾಖೆಯಲ್ಲಿದ್ದ ಜಾನ್ ಮೆಕ್‌ಕ್ಲಾಯ್ ಅವರ ತಾಯಿ ಈ ಊರಿನ ಚಿತ್ರವೊಂದನ್ನು ಮನೆಯಲ್ಲಿ ಇಟ್ಟಿದ್ದರಂತೆ. ಅದನ್ನು ನೋಡುತ್ತ ಬೆಳೆದ ಮಗ ಫಿರಂಗಿ ಹಾರಿಸಬೇಡಿ ಎಂದರಂತೆ. ಹೆಂಡತಿಗೆ ಇದನ್ನು ಹೇಳಿ, "ನೋಡಿದೆಯಾ, ಒಂದು ಚಿತ್ರದ ಬೆಲೆ!" ಎಂದೆ.

"ಅದನ್ನ ಅವರಮ್ಮ ಅಂಗಡೀಲಿ ಕೊಂಡಿರ್ತಾರೆ ರೀ, ಹೀಗೆ ಮನೆಯವರನ್ನ ಚಳೀಲಿ ನಿಲ್ಲಿಸಿ ಅಲ್ಲ. ನಡೀರಿ, ಮೊದಲು ಕಾಫಿ."