ಸೆಂಟ್ಸ್ ಮಾಮ

"ಇದು ಒಟ್ಟು ಎಷ್ಟು ಸೆಂಟ್ಸ್ ಉಂಟು?"

ಮಂಗಳೂರಿನ ಅಲೋಶಿಯಸ್ ಚಾಪೆಲಿನೊಳಗೆ ಹೆರಿಟೇಜ್ ವಾಕಿಗೆ ಬಂದ ನಾವು ಹದಿನೆಂಟು ಮಂದಿ ಕತ್ತು ಹಿಂದಕ್ಕೆ ವಾಲಿಸಿ ಮೇಲೆ ನೋಡುತ್ತಿದ್ದೆವು. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೇನಿ ಎಂಬ ಜೆಸ್ವಿಟ್ ಬ್ರದರ್ 1899ರಲ್ಲಿ ಇಲ್ಲಿ ಕುಂಚ ಹಿಡಿದದ್ದು, ಸುಣ್ಣದ ಗಾರೆ ಒಣಗುವ ಮೊದಲೇ ಬಣ್ಣ ಕೂರಿಸಬೇಕಾಗಿದ್ದದ್ದು, ಎರಡು ವರ್ಷದಲ್ಲಿ ಗೋಡೆ ಛಾವಣಿ ಎಲ್ಲ ತುಂಬಿದ್ದು ಇದನ್ನೆಲ್ಲ ಆರ್ಕಿಟೆಕ್ಚರ್ ಓದುವ ಗೈಡ್ ಹುಡುಗಿ ಆಗಷ್ಟೇ ಹೇಳಿ ಮುಗಿಸಿದ್ದಳು.

"ಪೇಂಟಿಂಗಾ ಸರ್?"

"ಪೇಂಟಿಂಗ್ ಅಲ್ಲ ಮಾರಾಯ್ತಿ, ಜಾಗ."

ನೂರು ಸೆಂಟ್ಸಿಗೆ ಒಂದು ಎಕರೆ. ನಮ್ಮ ಕರಾವಳಿಯಲ್ಲಿ ಮಗು ಮಗ್ಗಿ ಕಲಿಯುವ ಮೊದಲು ಕಲಿಯುವ ಲೆಕ್ಕ ಇದು. ಕೆಲವರಲ್ಲಿ ಇದು ಲೆಕ್ಕವಾಗಿ ಉಳಿಯದೆ ಕಣ್ಣಿನ ಪೊರೆಯಾಗಿ ಬೆಳೆಯುತ್ತದೆ. ಅವರಿಗೆ ಊರಿನಲ್ಲಿ ಮನೆ, ಮರ, ಬಾವಿ ಯಾವುದೂ ಕಾಣುವುದಿಲ್ಲ. ಸೆಂಟ್ಸ್ ಮಾತ್ರ ಕಾಣುತ್ತದೆ. ಮದುವೆಗೆ ಹೋದರೆ ಹಾಲಿನ ಪಾರ್ಕಿಂಗ್ ಅಳೆಯುತ್ತಾರೆ, ಬೊಜ್ಜದೂಟಕ್ಕೆ ಹೋದರೆ ತೀರಿಹೋದವರ ಹೆಸರಲ್ಲಿ ಏನೇನಿತ್ತು ಎಂದು ಪಾಯಸ ಬರುವ ಮೊದಲು ಕೇಳುತ್ತಾರೆ. ಇಂಥ ಒಬ್ಬರು ಪ್ರತಿ ಕುಟುಂಬಕ್ಕೂ ಇದ್ದಾರೆ. ನಮ್ಮ ತಂಡಕ್ಕೆ ದಕ್ಕಿದವರು ಮುಂಬಯಿಯಲ್ಲಿ ನೌಕರಿ ಮುಗಿಸಿ ಊರಿಗೆ ಮರಳಿದ, ಯಾವುದೋ ಸೊಸೈಟಿಯವರು ಪುಕ್ಕಟೆ ಕೊಟ್ಟ ಟೊಪ್ಪಿ ಇಟ್ಟ, ಅರುವತ್ತು ದಾಟಿದ ಈ ಮಾಮ.

ಬಲ್ಮಠದಲ್ಲಿ ಬಾಸೆಲ್ ಮಿಶನಿನ ಕಥೆ. 1841ರ ಮುದ್ರಣಾಲಯ, 1843ರಲ್ಲಿ ಮೋಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ', 1894ರ ಕಿಟೆಲ್ ನಿಘಂಟು. ಹುಡುಗಿಯ ದನಿಯಲ್ಲಿ ಭಕ್ತಿಯೇ ಇತ್ತು. ಮಾಮ ಕಾಂಪೌಂಡಿನ ಉದ್ದಕ್ಕೆ ಹೆಜ್ಜೆ ಹಾಕಿ ಬಂದು, "ವರ್ಗ ಜಾಗವಾ, ಮೂಲಗೇಣಿಯಾ?" ಎಂದರು. ಕಿಟೆಲ್ಲರು ಕೂಡಿಸಿದ ಅಷ್ಟೂ ಶಬ್ದಗಳಲ್ಲಿ ಅವರಿಗೆ ಬೇಕಾದದ್ದು ಆ ಎರಡೇ. ಹುಡುಗಿ ಪಾಪ, ತನ್ನ ಚೀಟಿಗಳನ್ನು ಹಿಂದೆ ಮುಂದೆ ಮಗುಚಿದಳು.

ಬೋಳೂರಿನ ಸುಲ್ತಾನ್ ಬತ್ತೇರಿಯಲ್ಲಂತೂ ಅವರಿಗೆ ವಿಷಾದವೇ ಆಯಿತು. ಗುರುಪುರ ಹೊಳೆಯಿಂದ ಯುದ್ಧದ ಹಡಗು ಒಳಬಾರದಂತೆ 1784ರಲ್ಲಿ ಟಿಪ್ಪು ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ ಕಾವಲು ಬುರುಜು ಅದು. ಮಾಮ ಮೇಲೆ ಹತ್ತಿದರು, ತೋಪಿನ ಕಿಂಡಿಯಲ್ಲಿ ಕಣ್ಣಿಟ್ಟರು, ನಿಟ್ಟುಸಿರು ಬಿಟ್ಟರು. "ಎಂಥ ವ್ಯೂ! ಆದರೆ ಸಿಆರ್‌ಝಡ್ ಬರ್ತದೆ. ಎಂತ ಕಟ್ಟಲಿಕ್ಕೂ ಆಗುವುದಿಲ್ಲ."

ಟಿಪ್ಪುವಿನ ಕಾಲಕ್ಕೆ ಆ ತೊಂದರೆ ಇರಲಿಲ್ಲ.

ಗೋಳಿಬಜೆ, ಚಾ ಮುಗಿಸಿ ಕೊನೆಗೆ ಒಂದು ಓಣಿಯ ಹಂಚಿನ ಮನೆಯೆದುರು ನಿಂತೆವು. 1865ರಲ್ಲಿ ಜಪ್ಪಿನಲ್ಲಿ ಮಿಶನಿನವರು ಹಂಚಿನ ಕಾರ್ಖಾನೆ ತೆರೆದದ್ದು, ಹೊಳೆದಡದ ಜೇಡಿಮಣ್ಣು ದೇಶಾಂತರದ ಮಾಡು ಏರಿದ್ದು ಎಂದು ಹುಡುಗಿ ಶುರು ಮಾಡಿದಳು. "ಈ ಮರದ ಎಲಿಮೆಂಟ್ಸ್..." ಎನ್ನುವಷ್ಟರಲ್ಲಿ ಮಾಮ ತಡೆದರು.

"ಎಲಿಮೆಂಟ್ಸ್ ಎಂಥದು? ಅದು ಪಕ್ಕಾಸು. ಅಡ್ಡ ಹೋದದ್ದು ರೀಪು. ಒಳಗೆ ಮುಚ್ಚಿಗೆ ಇರಬೇಕು, ಹಲಸಿನದ್ದು. ಅಡಿಗೆಕೋಣೆಗೆ ಒಂದು ಕನ್ನಡಿ ಹಂಚು ಇದ್ದೇ ಇರ್ತದೆ, ಬೆಳಿಗ್ಗೆ ಅದರ ಬಿಸಿಲು ಸೀದಾ ಒಲೆ ಹತ್ತಿರ ಬೀಳುವುದು. ಆಟಿಯಲ್ಲಿ ಬೆಕ್ಕು ಓಡಿ ಒಂದು ಹಂಚು ಜಾರಿತಾ, ರಾತ್ರಿಯಿಡೀ ಪಾತ್ರೆ ಇಡುವ ಕೆಲಸ. ಯಾವ ಪಾತ್ರೆ ಎಲ್ಲಿಗೆ ಎಂದು ಅಮ್ಮನಿಗೆ ಕತ್ತಲೆಯಲ್ಲೇ ಗೊತ್ತು."

ಹುಡುಗಿ ಚೀಟಿ ಮಡಚಿ ಪೆನ್ನು ತೆಗೆದಳು. ಅಷ್ಟು ಹೊತ್ತು ಅವರನ್ನು ಕಂಡರೆ ಮುಖ ತಿರುಗಿಸುತ್ತಿದ್ದ ನಾನೂ ಹತ್ತಿರ ಸರಿದೆ.

"ನಿಮ್ಮ ಮನೆ ಎಲ್ಲಿ ಸರ್?"

"ಇತ್ತು. ಇಪ್ಪತ್ತೆರಡು ಸೆಂಟ್ಸ್. ಜಾಯಿಂಟ್ ವೆಂಚರಿಗೆ ಕೊಟ್ಟೆವು, ಮೂರು ಫ್ಲಾಟ್ ಬಂತು." ಸ್ವಲ್ಪ ತಡೆದು, "ಬಿಲ್ಡರ್ ಅದಕ್ಕೆ ಹೆರಿಟೇಜ್ ಅಂತಲೇ ಹೆಸರಿಟ್ಟಿದ್ದಾನೆ" ಎಂದರು.

ಗೇಟಿನ ಬದಿಯಲ್ಲಿ ಒಡೆದ ಹಂಚುಗಳ ರಾಶಿಯಿತ್ತು. ಮಾಮ ಬಗ್ಗಿ ಒಂದನ್ನು ಎತ್ತಿ, ಮಗುಚಿ, ಕರ್ಚೀಫಿನಿಂದ ಪಾಚಿ ಒರೆಸಿ ಅಚ್ಚಿನ ಅಕ್ಷರ ಓದತೊಡಗಿದರು. ಅಷ್ಟರಲ್ಲಿ ಒಳಗಿನಿಂದ ಒಬ್ಬರು ಅಜ್ಜಿ ಬಂದರು. ಟೊಪ್ಪಿ, ಕೈಯಲ್ಲಿ ಹಂಚು, ಹಿಂದೆ ಹದಿನೇಳು ಮಂದಿ. ಎಲ್ಲವನ್ನೂ ಒಮ್ಮೆ ನೋಡಿದರು.

"ಬ್ರೋಕರಾ?"

"ಅಲ್ಲ ಅಮ್ಮ, ಸುಮ್ಮನೆ ಹಂಚು ನೋಡಲಿಕ್ಕೆ."

"ಎಲ್ಲ ಬ್ರೋಕರುಗಳೂ ಮೊದಲು ಹಾಗೇ ಹೇಳುವುದು. ಹದಿನಾಲ್ಕು ಸೆಂಟ್ಸ್ ಉಂಟು. ಕೊಡಲಿಕ್ಕಿಲ್ಲ."